ಹೆಸರು, ಉಚ್ಚಾರಣೆ, ದುಡಿಮೆ: ಲ್ಯಾಟಿನೋ ಬರಹದಲ್ಲಿ ಉದ್ಯೋಗಸ್ಥಳ

ಲೂಯಿಸ್ ವಾಲ್ದೆಸ್ ಅವರ 'ಲೋಸ್ ವೆಂದಿದೋಸ್' ಎಂಬ ಕಿರುನಾಟಕದ ವ್ಯವಹಾರವೆಲ್ಲ ನಡೆಯುವುದು ಒಂದು ಅಂಗಡಿಯೊಳಗೆ. ಹಳೆಯ ಮೋಟಾರುಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಮಾರುವ ಹಾಗೆ ಸಾಂಚೋ ಎಂಬವನು ಮೆಕ್ಸಿಕನ್ ಮಾದರಿಗಳನ್ನು ನಿಲ್ಲಿಸಿಕೊಂಡು ಮಾರುತ್ತಾನೆ. ಕ್ಯಾಲಿಫೋರ್ನಿಯದ ಗವರ್ನರ್ ರೇಗನ್ನರ ಕಚೇರಿಯಿಂದ ಒಬ್ಬ ಕಾರ್ಯದರ್ಶಿನಿ ಬರುತ್ತಾಳೆ. ಆಡಳಿತದ ಸಭೆ ಸಮಾರಂಭಗಳಲ್ಲಿ ಕಾಣಿಸಲು ಅವಳಿಗೊಂದು ಕಂದುಬಣ್ಣದ ಮುಖ ಬೇಕು. ಸಾಂಚೋ ಅವಳನ್ನು ಸ್ಪ್ಯಾನಿಷ್ ರೀತಿಯಲ್ಲಿ 'ಹಿಮೆನೆಸ್' ಎಂದು ಕರೆದರೆ ಆಕೆ ಸಿಡುಕಿ, ಇಂಗ್ಲಿಷಿನ ಒತ್ತಿನಲ್ಲಿ 'ಜಿಮೆನೆಜ್' ಎಂದು ತಿದ್ದುತ್ತಾಳೆ. ಸರಕನ್ನು ನೋಡುವ ಮೊದಲೇ ಗಿರಾಕಿಯೂ ಒಂದು ಸರಕು ಎಂಬುದು ಹೀಗೆ ಒಂದು ಅಕ್ಷರದ ಉಚ್ಚಾರಣೆಯಲ್ಲಿ ಬಯಲಾಗಿಬಿಡುತ್ತದೆ.

ಈ ನಾಟಕ ಮೊದಲು ಪ್ರಯೋಗಗೊಂಡದ್ದು ೧೯೬೭ರಲ್ಲಿ, ಲಾಸ್ ಏಂಜಲೀಸಿನ ಎಲಿಸಿಯನ್ ಪಾರ್ಕಿನಲ್ಲಿ. ಅಂದಿನಿಂದ ಇಂದಿನವರೆಗೆ ಅಮೆರಿಕದ ಸಂಯುಕ್ತ ಸಂಸ್ಥಾನದ ಜನಸಂಖ್ಯೆಯ ಸ್ವರೂಪ ಬಹಳ ಬದಲಾಗಿದೆ. ೨೦೨೦ರ ಜನಗಣತಿಯ ಪ್ರಕಾರ ತಮ್ಮನ್ನು ಹಿಸ್ಪ್ಯಾನಿಕ್ ಅಥವಾ ಲ್ಯಾಟಿನೋ ಎಂದು ಗುರುತಿಸಿಕೊಂಡವರು ೬ ಕೋಟಿ ೨೧ ಲಕ್ಷ ಮಂದಿ. ಇದು ಒಟ್ಟು ಜನರ ಶೇಕಡಾ ೧೮.೭. ಇಷ್ಟು ದೊಡ್ಡ ಸಮುದಾಯ ಹೊಲ, ಕಾರ್ಖಾನೆ, ಅಡುಗೆಮನೆಗಳಿಂದ ಕಚೇರಿಯ ಮೇಜುಗಳವರೆಗೆ ಹರಡಿಕೊಂಡಾಗ 'ಉದ್ಯೋಗಸ್ಥಳದಲ್ಲಿ ಲ್ಯಾಟಿನೋ ಅನನ್ಯತೆಯನ್ನು ಅಪ್ಪಿಕೊಳ್ಳುವುದು' ಎಂಬುದು ಕಂಪನಿಗಳ ಆಡಳಿತಭಾಷೆಯಲ್ಲಿ ಒಂದು ಸ್ಥಿರವಾದ ಶೀರ್ಷಿಕೆಯಾಗಿದೆ. ಈ ಶೀರ್ಷಿಕೆಯನ್ನು ಆ ಸಮುದಾಯದ ಸಾಹಿತ್ಯದ ಮುಂದೆ ಹಿಡಿದು ನೋಡುವುದಷ್ಟೆ ಇಲ್ಲಿ ನಮ್ಮ ಉದ್ದೇಶ. ನಾವು ಮಧ್ಯಕಾಲೀನ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು. ಈ ಕ್ಷೇತ್ರಕ್ಕೆ ಅತಿಥಿಗಳು. ಆದರೆ ಅನ್ಯಭಾಷೆಯ ಪರಿಸರದಲ್ಲಿ ದುಡಿಯುತ್ತ ಕನ್ನಡದ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ಪೂರ್ತಿ ಪರಕೀಯವೇನೂ ಅಲ್ಲ.

ಮೊದಲು ಕ್ರಿಯಾಪದವನ್ನೇ ಗಮನಿಸೋಣ. ಅಪ್ಪಿಕೊಳ್ಳಬೇಕಾದರೆ ಅಪ್ಪುವವರು ಬೇರೆ, ಅಪ್ಪಿಸಿಕೊಳ್ಳುವ ವಸ್ತು ಬೇರೆ ಆಗಿರಬೇಕು. ತಾನು ಏನಾಗಿದ್ದಾನೋ ಅದನ್ನೇ ಒಬ್ಬನು ಅಪ್ಪಿಕೊಳ್ಳಬೇಕಾದ ಸ್ಥಿತಿ ಬಂದಿದೆಯೆಂದರೆ, ಅದು ಯಾವಾಗಲೋ ಅವನ ಕೈಯಿಂದ ಕಳಚಿ ಎದುರಿಗೆ ಬಂದು ನಿಂತಿರಬೇಕು. ಸಾಂಚೋನ ಅಂಗಡಿಯಲ್ಲಿ ಆಗಿರುವುದು ಇದೇ. ಅಲ್ಲಿ ಹೊಲದ ಕೂಲಿಯವನಿದ್ದಾನೆ: ಕಡಿಮೆ ಖರ್ಚಿನಲ್ಲಿ ಓಡುವ ಯಂತ್ರ, ಆದರೆ ಇಂಗ್ಲಿಷ್ ಬಾರದು. ನಗರದ ಪಚುಕೋ ಇದ್ದಾನೆ: ಇಂಗ್ಲಿಷ್ ಬರುತ್ತದೆ, ಆದರೆ ಕೈ ಶುದ್ಧವಿಲ್ಲ. ಮೀಸೆಯ ಕ್ರಾಂತಿಕಾರನಿದ್ದಾನೆ: ನೋಟಕ್ಕೆ ಚೆಂದ, ಆದರೆ ತಯಾರಾದದ್ದು ಮೆಕ್ಸಿಕೋದಲ್ಲಿ. ಕೊನೆಗೆ ಆಕೆ ಒಪ್ಪುವುದು ಸೂಟು ತೊಟ್ಟ, ವಿದ್ಯಾವಂತನಾದ, ಭಾಷಣ ಬಿಗಿಯುವ ಮೆಕ್ಸಿಕನ್-ಅಮೆರಿಕನ್ ಮಾದರಿಯನ್ನು. ಅದರ ಬೆಲೆ ೧೫,೦೦೦ ಡಾಲರು. ಹಣ ಕೈಬದಲಾದ ಕ್ಷಣವೇ ಆ ಮಾದರಿ ಮುಷ್ಕರದ ಘೋಷಣೆ ಕೂಗತೊಡಗುತ್ತದೆ, ಉಳಿದ ಬೊಂಬೆಗಳೂ ಎಚ್ಚರಗೊಳ್ಳುತ್ತವೆ, ಆಕೆ ಓಡಿಹೋಗುತ್ತಾಳೆ. ಆಮೇಲೆ ತಿಳಿಯುವುದೇನೆಂದರೆ ಬೊಂಬೆಗಳೆಂದು ನಿಂತವರೇ ಮನುಷ್ಯರು, ಮಾರುತ್ತಿದ್ದ ಸಾಂಚೋನೇ ಯಂತ್ರ.

ನಾಟಕದ ಶೀರ್ಷಿಕೆಯಲ್ಲಿರುವ ಸ್ಪ್ಯಾನಿಷ್ ಪದಕ್ಕೆ ಎರಡು ಅರ್ಥಗಳಿವೆ. 'ಮಾರಾಟವಾದವರು' ಎಂಬುದು ಒಂದು, 'ತಮ್ಮನ್ನು ತಾವೇ ಮಾರಿಕೊಂಡ ದ್ರೋಹಿಗಳು' ಎಂಬುದು ಇನ್ನೊಂದು. ಕನ್ನಡದಲ್ಲಿ 'ಕೊಳ್ಳು' ಎಂಬ ಸಹಾಯಕ ಕ್ರಿಯಾಪದ ಈ ಎರಡನ್ನೂ ಬೇರೆ ಬೇರೆಯಾಗಿ ನಿಲ್ಲಿಸಿಬಿಡುವುದರಿಂದ ಶೀರ್ಷಿಕೆ ನಮ್ಮಲ್ಲಿ ಪೂರ್ತಿ ಬರಲಾರದು. ಆದರೆ ನಾಟಕದ ವಿಮರ್ಶೆಗೆ ಈ ಭೇದ ಬಹಳ ಉಪಯುಕ್ತ. ವಾಲ್ದೆಸ್ ಅವರ ಕೋಪ ಮಾರಾಟದ ವ್ಯವಸ್ಥೆಯ ಮೇಲೆ ಇದೆಯೋ, ಮಾರಿಕೊಂಡವರ ಮೇಲೆ ಇದೆಯೋ? ನಾಟಕದ ಕಟ್ಟಡ ವ್ಯವಸ್ಥೆಯ ಕಡೆಗೆ ಬೆರಳು ತೋರಿಸುತ್ತದೆ, ನಗೆಯೆಲ್ಲ ಆ ಕಾರ್ಯದರ್ಶಿನಿಯ ಮೇಲೆ ಬೀಳುತ್ತದೆ. ರಂಗದ ಮೇಲಿರುವ ಒಬ್ಬಳೇ ಹೆಂಗಸು ಆಕೆ. ಕಚೇರಿಯ ಶ್ರೇಣಿಯಲ್ಲಿ ಕೆಳಗಿರುವ ನೌಕರಳು ಆಕೆ. ಗವರ್ನರನಾಗಲಿ ಅವನ ಸಲಹೆಗಾರರಾಗಲಿ ರಂಗಕ್ಕೆ ಬರುವುದೇ ಇಲ್ಲ. ಅವಳು ತನ್ನ ಹೆಸರನ್ನು ಏಕೆ ತಿರುಚಿಕೊಂಡಳು, ಆ ಕೆಲಸ ಸಿಗಲು ಏನನ್ನು ಬಿಟ್ಟುಕೊಟ್ಟಳು ಎಂಬ ಪ್ರಶ್ನೆಗೆ ನಾಟಕದಲ್ಲಿ ಜಾಗವಿಲ್ಲ. ವಾಲ್ದೆಸ್ ೧೯೬೫ರಲ್ಲಿ ದೆಲಾನೋದ ದ್ರಾಕ್ಷಿತೋಟಗಳ ಮುಷ್ಕರದ ನಡುವೆ ಕಟ್ಟಿದ 'ಎಲ್ ತೆಯಾತ್ರೋ ಕಂಪೆಸಿನೋ' ತಂಡದ ಇತಿಹಾಸವನ್ನು ಯೋಲಾಂದಾ ಬ್ರಾಯ್ಲ್ಸ್-ಗೊನ್ಸಾಲೆಸ್ ೧೯೯೪ರ ತಮ್ಮ ಪುಸ್ತಕದಲ್ಲಿ ಪುನರ್ವಿಮರ್ಶೆಗೆ ಒಳಪಡಿಸಿ, ಅದು ಒಬ್ಬ ಗಂಡಸಿನ ಕಥೆಯಾಗಿ ಹೇಳಲ್ಪಟ್ಟಿರುವುದನ್ನು ಪ್ರಶ್ನಿಸಿದ್ದಾರೆ. ಆ ಟೀಕೆಯನ್ನು ಪಠ್ಯದೊಳಕ್ಕೂ ವಿಸ್ತರಿಸಬಹುದೆಂದು ನಮಗೆ ಅನ್ನಿಸುತ್ತದೆ. ಇಷ್ಟಾದರೂ ಅಂಗಡಿಯ ರೂಪಕ ಮಾತ್ರ ಹಳತಾಗಿಲ್ಲ.

ಹಳತಾಗದಂತೆ ನೋಡಿಕೊಂಡದ್ದು ಇತಿಹಾಸವೇ. ನಾಟಕ ಬಂದ ಮರುವರ್ಷ, ೧೯೬೮ರಲ್ಲಿ, ಅಧ್ಯಕ್ಷ ಜಾನ್ಸನ್ನರ ಕಾಲದಲ್ಲಿ ಹಿಸ್ಪ್ಯಾನಿಕ್ ಪರಂಪರೆಯ ಸಪ್ತಾಹ ಜಾರಿಗೆ ಬಂತು. ೧೯೮೮ರಲ್ಲಿ ಸಪ್ತಾಹ ಬೆಳೆದು ಸೆಪ್ಟೆಂಬರ್ ೧೫ರಿಂದ ಅಕ್ಟೋಬರ್ ೧೫ರವರೆಗಿನ ಮಾಸವಾಯಿತು. ಮಧ್ಯ ಅಮೆರಿಕದ ಐದು ದೇಶಗಳ ಸ್ವಾತಂತ್ರ್ಯದಿನ ಸೆಪ್ಟೆಂಬರ್ ೧೫, ಮೆಕ್ಸಿಕೋದ್ದು ೧೬. ತಿಂಗಳು ನಡುವಿನಿಂದ ಶುರುವಾಗುವುದು ಆ ಕಾರಣಕ್ಕೆ. ಈ ಮಾಸದ ಶಾಸನಕ್ಕೆ ಸಹಿ ಹಾಕಿದವರು ಅಧ್ಯಕ್ಷ ರೇಗನ್. ಇಪ್ಪತ್ತೊಂದು ವರ್ಷಗಳ ಹಿಂದೆ ವಾಲ್ದೆಸ್ ಅವರ ಅಂಗಡಿಗೆ ಗಿರಾಕಿಯನ್ನು ಕಳಿಸಿದ್ದ ಅದೇ ರೇಗನ್. ಯಾವ ನಾಟಕಕಾರನೂ ಇಂಥ ಎರಡನೆಯ ಅಂಕವನ್ನು ತಾನಾಗಿ ಬರೆಯಲಾರ.

ಹೆಸರುಗಳ ಗೊಂದಲದಲ್ಲಿ ಹೆಚ್ಚು ಕಾಲ ನಿಲ್ಲುವುದು ಬೇಡ. 'ಹಿಸ್ಪ್ಯಾನಿಕ್' ಎಂಬುದು ೧೯೮೦ರ ಜನಗಣತಿಯಲ್ಲಿ ಎಲ್ಲರನ್ನೂ ಕೇಳಿದ ಪ್ರಶ್ನೆಯ ಮೂಲಕ ಗಟ್ಟಿಯಾದ ಆಡಳಿತಪದ. 'ಲ್ಯಾಟಿನೋ' ೨೦೦೦ದ ಜನಗಣತಿಯ ನಮೂನೆಗೆ ಸೇರಿತು. 'ಚಿಕಾನೋ', 'ನ್ಯೂಯೋರಿಕನ್' ಎಂಬವು ಚಳವಳಿ ಮತ್ತು ಕಾವ್ಯಗಳಿಂದ ಬಂದವು. ಲಿಂಗಭೇದವನ್ನು ಅಳಿಸುವ ಉದ್ದೇಶದ 'ಲ್ಯಾಟಿನೆಕ್ಸ್' ಎಂಬ ರೂಪವನ್ನು ಸಂಸ್ಥೆಗಳು ಬಹಳ ಉತ್ಸಾಹದಿಂದ ಎತ್ತಿಕೊಂಡವಾದರೂ, ೨೦೨೦ರಲ್ಲಿ ಪ್ಯೂ ಸಂಶೋಧನ ಕೇಂದ್ರ ಪ್ರಕಟಿಸಿದ ಸಮೀಕ್ಷೆಯಂತೆ ಆ ಸಮುದಾಯದ ವಯಸ್ಕರಲ್ಲಿ ಶೇಕಡಾ ೩ರಷ್ಟು ಮಂದಿ ಮಾತ್ರ ಅದನ್ನು ಬಳಸುತ್ತಿದ್ದರು. ಕಚೇರಿ ಇಟ್ಟ ಹೆಸರಿಗೂ ಮನೆ ಕರೆಯುವ ಹೆಸರಿಗೂ ಇರುವ ಅಂತರವನ್ನು ಅಳೆಯಲು ಈ ಒಂದು ಸಂಖ್ಯೆ ಸಾಕು.

ಈ ಅಂತರವನ್ನೇ ಒಂದು ಜೀವನದರ್ಶನವಾಗಿ ಮಾಡಿಕೊಂಡ ಲೇಖಕ ರಿಚರ್ಡ್ ರೊಡ್ರಿಗೆಸ್. ೧೯೮೨ರಲ್ಲಿ ಬಂದ ಅವರ ಆತ್ಮಕಥನ 'ಹಂಗರ್ ಆಫ್ ಮೆಮರಿ' ಆ ವಲಯದಲ್ಲಿ ಅತಿ ಹೆಚ್ಚು ನಿಂದೆಗೆ ಗುರಿಯಾದ ಪುಸ್ತಕಗಳಲ್ಲೊಂದು. ನಿಂದಕರ ಬಹುಪಾಲು ವಾದಗಳನ್ನು ನಾವು ಒಪ್ಪುತ್ತೇವೆ. ಆದರೂ ಅವರು ಅದನ್ನು ಬದಿಗೆ ಸರಿಸಿದ ರೀತಿಯನ್ನು ಒಪ್ಪಲಾರೆವು. ಮನೆಮಾತು ಬೇರೆ, ಹೊರಮಾತು ಬೇರೆ. ಹೊರಮಾತಾದ ಇಂಗ್ಲಿಷನ್ನು ಪಡೆಯಬೇಕಾದರೆ ಮನೆಯ ಆಪ್ತತೆಯನ್ನು ತೆರಬೇಕು. ಅದು ಕ್ರೂರವಾದರೂ ನ್ಯಾಯವಾದ ಬೆಲೆ ಎಂಬುದು ರೊಡ್ರಿಗೆಸ್ ಅವರ ನಿಲುವು. ಇದೇ ಕಾರಣಕ್ಕೆ ಅವರು ದ್ವಿಭಾಷಾ ಶಿಕ್ಷಣವನ್ನು ವಿರೋಧಿಸಿದರು. ಇಂಗ್ಲಿಷ್ ಪುನರುಜ್ಜೀವನ ಕಾಲದ ಸಾಹಿತ್ಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ೧೯೭೦ರ ದಶಕದಲ್ಲಿ ಅವರಿಗೆ ಅಧ್ಯಾಪಕ ಹುದ್ದೆಗಳು ಒಲಿದು ಬಂದವು. 'ಅಲ್ಪಸಂಖ್ಯಾತ' ಎಂಬ ಹಣೆಪಟ್ಟಿಯ ದೆಸೆಯಿಂದ ಅವು ಬಂದಿವೆ ಎಂದು ಅವರು ಅವನ್ನು ನಿರಾಕರಿಸಿ ವಿಶ್ವವಿದ್ಯಾಲಯವನ್ನೇ ತೊರೆದರು. ಸಾಂಚೋನ ಅಂಗಡಿಯಲ್ಲಿ ೧೫,೦೦೦ ಡಾಲರಿಗೆ ಬಿಕರಿಯಾಗಬಹುದಾಗಿದ್ದ ಮಾದರಿಯೊಂದು, ಘೋಷಣೆ ಕೂಗದೆ ಎದ್ದು ಬಾಗಿಲು ತೆರೆದುಕೊಂಡು ಹೊರಟುಹೋದಂತೆ ಇದು. ಆ ನಿರಾಕರಣೆಯ ರಾಜಕೀಯ ಏನೇ ಇರಲಿ, ಅದರ ನೈತಿಕ ತೂಕವನ್ನು ಅಲ್ಲಗಳೆಯುವುದು ಕಷ್ಟ.

ಪುಸ್ತಕದ ನಿಜವಾದ ಬಿಕ್ಕಟ್ಟು ವಾದಗಳಲ್ಲಿಲ್ಲ, ಒಂದು ಬೇಸಗೆಯ ಕೂಲಿಕೆಲಸದ ಪ್ರಸಂಗದಲ್ಲಿದೆ. ಬಾಲ್ಯದಲ್ಲಿ ತಾಯಿ ಮಗನನ್ನು ಬಿಸಿಲಿಗೆ ಹೋಗಬೇಡವೆನ್ನುತ್ತಿದ್ದಳು. ಬಿಸಿಲಿಗೆ ಕಪ್ಪಾದರೆ ಹೊಲದ ಕೂಲಿಯವರಂತೆ ಕಾಣುವನೆಂಬ ಭಯ ಅವಳದು. ಸ್ಟ್ಯಾನ್‌ಫರ್ಡಿನ ಓದು ಮುಗಿಯುವ ಹೊತ್ತಿಗೆ ಮಗ ತಾನಾಗಿ ಬಿಸಿಲನ್ನು ಹುಡುಕಿಕೊಂಡು ಕಟ್ಟಡದ ಕೆಲಸಕ್ಕೆ ಸೇರುತ್ತಾನೆ. ಒಂದು ದಿನ ಗುತ್ತಿಗೆದಾರ ಕೆಲವರು ಮೆಕ್ಸಿಕನ್ ಕೂಲಿಗಳನ್ನು ಕರೆತಂದು, ಏನೋ ಒಂದು ಮಾತನ್ನು ಸ್ಪ್ಯಾನಿಷಿನಲ್ಲಿ ಅವರಿಗೆ ಹೇಳೆಂದು ಇವನಿಗೆ ಒಪ್ಪಿಸುತ್ತಾನೆ. ಇವನು ಹೋಗುತ್ತಾನೆ, ಹೇಳುತ್ತಾನೆ, ಅವರು ತಲೆಯಾಡಿಸುತ್ತಾರೆ. ಅದಕ್ಕಿಂತ ಹೆಚ್ಚಿನದೇನೂ ನಡೆಯುವುದಿಲ್ಲ. ಮೈಬಣ್ಣ ಒಂದೇ, ಮನೆಮಾತು ಒಂದೇ, ಕೈಯಲ್ಲಿ ಹಿಡಿದ ಸಲಿಕೆಯೂ ಒಂದೇ. ಆದರೂ ಅವರ ಮೌನಕ್ಕೂ ಇವನ ಮಾತಿಗೂ ನಡುವೆ ದಾಟಲಾಗದ ಒಂದು ಅಂತರವಿದೆ. ತನಗೆ ಈ ಕೆಲಸ ಒಂದು ಬೇಸಗೆಯದು, ಅವರಿಗೆ ಇಡೀ ಬಾಳಿನದು ಎಂಬ ಅರಿವು ಅವನಿಗಾಗುತ್ತದೆ. ಸಂಸ್ಕೃತಿಯನ್ನು ಅಪ್ಪಿಕೊಳ್ಳುವ ಮಾತುಗಳೆಲ್ಲ ಮರೆತುಬಿಡುವ ವರ್ಗದ ಪ್ರಶ್ನೆ ಇಲ್ಲಿ ಮುಖಕ್ಕೆ ರಾಚುವಂತೆ ಎದುರಾಗುತ್ತದೆ. ಇದನ್ನು ಬರೆದವನು ಅನನ್ಯತೆಯ ಪಕ್ಷಪಾತಿಯಲ್ಲ, ಅದರ ವಿರೋಧಿ ಎಂಬುದು ಸಾಹಿತ್ಯದ ವಿಚಿತ್ರಗಳಲ್ಲೊಂದು.

ರೊಡ್ರಿಗೆಸ್ ಅವರಿಗೆ ಬಂದ ಉತ್ತರಗಳಲ್ಲಿ ನಮಗೆ ಮುಖ್ಯವಾಗಿ ಕಾಣುವುದು ತೊಮಾಸ್ ರಿವೇರಾ ಅವರದು. ಅದು ೧೯೮೪ರಲ್ಲಿ ಪ್ರಕಟವಾಯಿತು. ರಿವೇರಾ ಟೆಕ್ಸಾಸಿನ ಕ್ರಿಸ್ಟಲ್ ಸಿಟಿಯವರು. ಊರಿಂದೂರಿಗೆ ಸುಗ್ಗಿಯ ಬೆನ್ನುಹತ್ತಿ ಹೋಗುವ ಕೂಲಿ ಕುಟುಂಬದಲ್ಲಿ ಬೆಳೆದು, ೧೯೭೯ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಕುಲಪತಿಯಾದವರು. ೧೯೭೧ರ ಅವರ ಸ್ಪ್ಯಾನಿಷ್ ಕಾದಂಬರಿಯ ಶೀರ್ಷಿಕೆಯನ್ನು 'ಮತ್ತು ಭೂಮಿ ಅವನನ್ನು ನುಂಗಲಿಲ್ಲ' ಎಂದು ಕನ್ನಡಿಸಬಹುದು. ಅದರಲ್ಲಿ ಬಾಯಾರಿದ ಹುಡುಗನೊಬ್ಬ ದನಗಳ ನೀರಿನ ತೊಟ್ಟಿಗೆ ಹೋದಾಗ, ಹೆದರಿಸಲೆಂದು ಯಜಮಾನ ಹಾರಿಸಿದ ಗುಂಡಿಗೆ ಬಲಿಯಾಗುತ್ತಾನೆ. ಉದ್ಯೋಗಸ್ಥಳವೆಂದರೆ ಏನೆಂಬುದು ರಿವೇರಾ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವರ ಉತ್ತರ ನಿಂತಿರುವುದು ಒಂದು ವ್ಯಾಕರಣ ವಿಚಾರದ ಮೇಲೆ. ಸ್ಪ್ಯಾನಿಷಿನಲ್ಲಿ 'ಇರು' ಎನ್ನಲು ಎರಡು ಧಾತುಗಳಿವೆ: 'ಸೇರ್' ಮತ್ತು 'ಎಸ್ತಾರ್'. ಮೊದಲನೆಯದು ಒಳಗಿನ ಇರವು, ಎರಡನೆಯದು ಹೊರಗಿನ ಇರವು; ರೊಡ್ರಿಗೆಸ್ ಎರಡನೆಯದನ್ನೇ ದೊಡ್ಡದೆಂದು ಆರಿಸಿಕೊಂಡು ಮೊದಲನೆಯದಕ್ಕೆ ಸಲ್ಲಬೇಕಾದ ಬೆಲೆಯನ್ನು ಕೊಡಲಿಲ್ಲ ಎಂಬುದು ರಿವೇರಾ ಅವರ ಆಕ್ಷೇಪ.

ಈ ಭೇದ ಇಂಗ್ಲಿಷಿನಲ್ಲಿ ಓದುವವರಿಗೆ ತಾತ್ವಿಕ ಸೂಕ್ಷ್ಮವಾಗಿ ಕಂಡೀತು; ಕನ್ನಡಿಗರಿಗೆ ಅದು ದಿನಬಳಕೆಯ ಮಾತು. 'ಅವನು ಕನ್ನಡಿಗ' ಎಂಬ ವಾಕ್ಯಕ್ಕೆ ಕ್ರಿಯಾಪದವೇ ಬೇಡ. 'ಅವನು ಕಚೇರಿಯಲ್ಲಿ ಇದ್ದಾನೆ' ಎಂಬುದಕ್ಕೆ ಬೇಕು. ನಿಷೇಧದಲ್ಲಂತೂ ಭೇದ ಇನ್ನೂ ಸ್ಪಷ್ಟ: ಮೊದಲನೆಯದಕ್ಕೆ 'ಅಲ್ಲ', ಎರಡನೆಯದಕ್ಕೆ 'ಇಲ್ಲ'. ಸ್ಪ್ಯಾನಿಷಿನ ಎರಡು ಧಾತುಗಳಿಗೆ ಇವು ಎಲ್ಲ ಕಡೆಯೂ ಹೊಂದಿಕೊಳ್ಳುವುದಿಲ್ಲವೆಂಬುದು ನಿಜ. ಆದರೂ ರಿವೇರಾ ಅವರ ಆಕ್ಷೇಪವನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ರೊಡ್ರಿಗೆಸ್ ತಾನು ಹುಟ್ಟಿದ ಮನೆಯಲ್ಲಿ 'ಇಲ್ಲ' ಎಂಬುದನ್ನು, ತಾನು ಆ ಮನೆಯವನು 'ಅಲ್ಲ' ಎಂಬುದಾಗಿ ಓದಿಕೊಂಡರು. ಕಂಪನಿಗಳ ಉತ್ಸವಗಳು ಮಾಡುವುದು ಇದರ ತದ್ವಿರುದ್ಧವಾದರೂ ಇಂಥದೇ ಇನ್ನೊಂದು ಗೊಂದಲ: ವರ್ಷಕ್ಕೊಮ್ಮೆ ಅಲಂಕರಿಸಿದ ಸಭಾಂಗಣದಲ್ಲಿ 'ಇದ್ದಾರೆ' ಎಂಬುದನ್ನೇ ಅವು ಇಡೀ ವ್ಯಕ್ತಿತ್ವದ ಗುರುತಾಗಿ ತೆಗೆದುಕೊಳ್ಳುತ್ತವೆ. ನವೆಂಬರ್ ಒಂದರಂದು ಹೊರನಾಡಿನ ಕಚೇರಿಗೆ ಕೆಂಪು-ಹಳದಿ ಶಾಲು ಹೊದ್ದು ಹೋಗುವ ನಮ್ಮವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಸಾಹಿತ್ಯ ರೂಪಕದಲ್ಲಿ ಹೇಳಿದ್ದನ್ನು ನ್ಯಾಯಾಲಯಗಳು ನೇರ ಮಾತಿನಲ್ಲಿ ಹೇಳಿವೆ. ಟೆಕ್ಸಾಸಿನ ಬ್ರೌನ್ಸ್‌ವಿಲ್‌ನಲ್ಲಿ ಮರಮುಟ್ಟು ಮಾರುವ ಅಂಗಡಿಯೊಂದು, ತನ್ನ ನೌಕರರು ಸ್ಪ್ಯಾನಿಷ್ ಗಿರಾಕಿಗಳೊಡನೆ ಸ್ಪ್ಯಾನಿಷ್ ಆಡಬಹುದು, ಆದರೆ ಕೆಲಸದ ಹೊತ್ತಿನಲ್ಲಿ ತಮ್ಮತಮ್ಮೊಳಗೆ ಆಡಕೂಡದು ಎಂಬ ನಿಯಮ ಮಾಡಿತ್ತು. ಸಹೋದ್ಯೋಗಿಯ ಪ್ರಶ್ನೆಗೆ ಸ್ಪ್ಯಾನಿಷಿನಲ್ಲಿ ಉತ್ತರಿಸಿದ ಮಾರಾಟಗಾರನೊಬ್ಬ ೧೯೭೫ರಲ್ಲಿ ಕೆಲಸ ಕಳೆದುಕೊಂಡ. ಎರಡೂ ಭಾಷೆ ಬಲ್ಲವನಿಗೆ ಯಾವ ಭಾಷೆ ಆಡಬೇಕೆಂಬುದು ಬರಿಯ ಆಯ್ಕೆ, ಆದ್ದರಿಂದ ಇದು ಮೂಲದ ಆಧಾರದ ತಾರತಮ್ಯವಲ್ಲ ಎಂದು ೧೯೮೦ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ಸಮಾನ ಉದ್ಯೋಗಾವಕಾಶ ಆಯೋಗ ಇಂಥ ನಿಯಮಗಳನ್ನು ಸಂಶಯದಿಂದ ಕಾಣುವ ಮಾರ್ಗಸೂಚಿಯನ್ನು ಹೊರಡಿಸಿತಾದರೂ, ೧೯೯೩ರ ಸ್ಪನ್ ಸ್ಟೀಕ್ ಪ್ರಕರಣದಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಆ ಮಾರ್ಗಸೂಚಿಯನ್ನು ಅನುಸರಿಸಲು ಒಪ್ಪಲಿಲ್ಲ. ಬ್ರೌನ್ಸ್‌ವಿಲ್‌ನ ನಿಯಮವನ್ನು ಇನ್ನೊಮ್ಮೆ ಓದಬೇಕು. ಅದು ಸ್ಪ್ಯಾನಿಷನ್ನು ನಿಷೇಧಿಸಿರಲಿಲ್ಲ. ಮಾರಾಟಕ್ಕೆ ಒದಗುವ ಸ್ಪ್ಯಾನಿಷಿಗೆ ಅನುಮತಿ ಇತ್ತು, ಇಬ್ಬರು ದುಡಿಯುವವರ ನಡುವೆ ಸುಮ್ಮನೆ ಹುಟ್ಟುವ ಸ್ಪ್ಯಾನಿಷಿಗೆ ಇರಲಿಲ್ಲ. ೨೦೨೫ರ ಮಾರ್ಚ್ ೧ರಂದು ಅಧ್ಯಕ್ಷರ ಆದೇಶವೊಂದು ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಘೋಷಿಸಿದ ಮೇಲೆ ಈ ಹಳೆಯ ತೀರ್ಪುಗಳು ಮತ್ತೆ ಓದಿಗೆ ಯೋಗ್ಯವಾಗಿವೆ.

ಗ್ಲೋರಿಯಾ ಆನ್ಸಲ್ದೂವಾ ಅವರ 'ಬಾರ್ಡರ್‌ಲ್ಯಾಂಡ್ಸ್' (೧೯೮೭) ಈ ನಿಷಿದ್ಧ ನಾಲಗೆಯ ಪಕ್ಷ ವಹಿಸಿ ಬರೆದ ಪ್ರಸಿದ್ಧ ಗ್ರಂಥ. ಒಳ್ಳೆಯ ಕೆಲಸ ಸಿಗಬೇಕಾದರೆ ಇಂಗ್ಲಿಷಿನಲ್ಲಿ ಮೆಕ್ಸಿಕನ್ ಧಾಟಿ ಇರಕೂಡದೆಂಬ ತಾಯಿಯ ಕಳವಳ, ಆ ಧಾಟಿಯನ್ನು ತೊಡೆಯಲೆಂದೇ ಕಾಲೇಜು ಚಿಕಾನೋ ವಿದ್ಯಾರ್ಥಿಗಳಿಗೆ ಕಡ್ಡಾಯಮಾಡಿದ್ದ ಭಾಷಣ ತರಗತಿಗಳು, ಇವನ್ನು ಹೇಳುವ ಭಾಗ ತೀಕ್ಷ್ಣವಾಗಿದೆ. ಅಲ್ಲಿಂದ ಮುಂದೆ ಗಡಿ ಎಂಬುದು ಪ್ರಜ್ಞೆಯ ರೂಪಕವಾಗಿ ಹಿಗ್ಗುತ್ತ ಹೋದಂತೆ, ಗಡಿಯಲ್ಲಿ ದುಡಿಯುವವರು ತೆಳುವಾಗುತ್ತ ಹೋಗುತ್ತಾರೆ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಈ ಗ್ರಂಥದ ಆ ಎರಡನೆಯ ಮುಖವೇ ಹೆಚ್ಚು ಪರಿಚಿತವಾಗಿರುವುದು ವಿಷಾದದ ಸಂಗತಿ.

ತೆಳುವಾಗದ ದುಡಿಮೆಗಾರರನ್ನು ಕಾಣಬೇಕಾದರೆ ಪೆದ್ರೋ ಪಿಯೆತ್ರಿ ಅವರ 'ಪೋರ್ಟೊರಿಕನ್ ಆಬಿಚುಅರಿ' ಎಂಬ ಕವನಕ್ಕೆ ಬರಬೇಕು. ೧೯೬೯ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ವಾಚನಗೊಂಡು ೧೯೭೩ರಲ್ಲಿ ಪುಸ್ತಕರೂಪದಲ್ಲಿ ಬಂದ ಈ ಚರಮಗೀತೆಯಲ್ಲಿ ಹುವಾನ್, ಮಿಗೆಲ್, ಮಿಲಾಗ್ರೋಸ್, ಓಲ್ಗಾ, ಮನುಯೆಲ್ ಎಂಬ ಐವರಿದ್ದಾರೆ. ತಪ್ಪದೆ ವೇಳೆಗೆ ಸರಿಯಾಗಿ ಕೆಲಸಕ್ಕೆ ಹೋದರು, ಎದುರಾಡಲಿಲ್ಲ, ಸಾಲದಲ್ಲೇ ಸತ್ತರು. ಹನ್ನೆರಡನೆಯ ಶತಮಾನದ ಶರಣರನ್ನು ಓದಿದವರಿಗೆ ಇಲ್ಲಿ ಒಂದು ಸಂಗತಿ ಥಟ್ಟನೆ ಹೊಳೆಯುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ: ಇವರಲ್ಲಿ ಕಾಯಕ ಹೆಸರಿನ ಒಳಗೇ ಇದೆ, ಅದನ್ನು ಬಿಟ್ಟು ವ್ಯಕ್ತಿಯನ್ನು ಕರೆಯಲಾಗದು. ಪಿಯೆತ್ರಿಯ ಐವರಿಗೆ ಮೊದಲ ಹೆಸರಷ್ಟೆ ಉಂಟು. ದುಡಿಮೆ ಅವರ ಬಾಳನ್ನೆಲ್ಲ ತಿಂದಿದ್ದರೂ ಹೆಸರಿಗೆ ಅಂಟಿಕೊಂಡಿಲ್ಲ. ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿದರೂ ಕೆಲಸ ಕೊಡುವವನಿಗೆ ತಿಳಿಯದು. ಅವರವರೂ ಪರಸ್ಪರ ಅಸೂಯೆಯಿಂದ, ಇನ್ನೊಬ್ಬರಲ್ಲಿದ್ದುದನ್ನು ಕನಸುತ್ತ ಸಾಯುತ್ತಾರೆ. ಇದು ಪ್ರಭಾವದ ಮಾತಲ್ಲ, ಹೋಲಿಕೆಯ ಮಾತೂ ಪೂರ್ತಿಯಾಗಿ ಅಲ್ಲ. ಶರಣರ ಕಾಯಕದ ಹಿಂದೆ ಜಾತಿಯ ಕಠೋರ ವಾಸ್ತವವಿದೆ, ಮತ್ತು ಅವರ ಕಾಯಕತತ್ವ ನಮ್ಮ ಕಾಲದಲ್ಲಿ ಕಚೇರಿಗಳ ಗೋಡೆಫಲಕವಾಗಿ ಇಳಿದಿದೆ. ದುಡಿಮೆ ಹೆಸರಾಗುವುದಕ್ಕೂ ಹೆಸರನ್ನು ಅಳಿಸುವುದಕ್ಕೂ ಇರುವ ದೂರವನ್ನು ತೋರಿಸುವಷ್ಟಕ್ಕೆ ಈ ಜೋಡಣೆ ಸಾಕು.

ನಮ್ಮ ಕಾದಂಬರಿಗಳಲ್ಲಿ ಈ ಚರ್ಚೆಯ ಪಕ್ಕದಲ್ಲಿ ನಿಲ್ಲಬಲ್ಲದ್ದು ಯಶವಂತ ಚಿತ್ತಾಲರ 'ಶಿಕಾರಿ' (೧೯೭೯). ಮುಂಬಯಿಯ ಕಂಪನಿಯಲ್ಲಿ ಮೇಲಿನ ಹುದ್ದೆಯಲ್ಲಿರುವ ನಾಗಪ್ಪ ಅಮಾನತಿಗೆ ಒಳಗಾಗಿ, ತನ್ನ ಹಿಂದುಮುಂದನ್ನೆಲ್ಲ ವಿಚಾರಣೆಗೆ ಒಡ್ಡಬೇಕಾಗುತ್ತದೆ. ಲ್ಯಾಟಿನೋ ಪಠ್ಯಗಳಲ್ಲಿ ಕಚೇರಿಗೆ ವ್ಯಕ್ತಿಯ ಮೂಲ ಪ್ರದರ್ಶನಕ್ಕೆ ಬೇಕು. ನಾಗಪ್ಪನ ಕಂಪನಿಯಲ್ಲಿ ಮೂಲವೆಂಬುದು ಬೇಟೆಗೆ ಸಿಕ್ಕುವ ಹೆಜ್ಜೆಗುರುತು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಹೋಟೆಲು, ಗಿರಣಿ, ಕಚೇರಿಗಳನ್ನು ಹೊಕ್ಕವರ ಆತ್ಮಕಥನಗಳನ್ನು ಇದೇ ಪ್ರಶ್ನೆಯೊಡನೆ ಮತ್ತೆ ತೆರೆದು ನೋಡುವ ಕೆಲಸ ಹೊರನಾಡಿನ ಸಂಶೋಧಕರಿಗೆ ಕಾದಿದೆ.

ಕಾರ್ಯದರ್ಶಿನಿಗೆ ವಾಲ್ದೆಸ್ ಕೊಡದೆ ಹೋದ ಒಳಜೀವನವನ್ನು ದುಡಿಯುವ ಹೆಂಗಸರಿಗೆ ಕೊಟ್ಟವರು ಹೋಸೆಫೀನಾ ಲೋಪೆಸ್. ೧೯೯೦ರಲ್ಲಿ ರಂಗಕ್ಕೆ ಬಂದು ೨೦೦೨ರಲ್ಲಿ ಚಲನಚಿತ್ರವಾದ ಅವರ 'ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್' ನಡೆಯುವುದು ಪೂರ್ವ ಲಾಸ್ ಏಂಜಲೀಸಿನ ಒಂದು ಪುಟ್ಟ ಹೊಲಿಗೆ ಕಾರ್ಖಾನೆಯಲ್ಲಿ, ೧೯೮೭ರ ಸೆಪ್ಟೆಂಬರಿನಲ್ಲಿ. ಐವರು ಹೆಂಗಸರು, ಸೆಕೆ, ಗಡುವಿನೊಳಗೆ ಮುಗಿಸಬೇಕಾದ ಉಡುಪುಗಳ ರಾಶಿ. ಇಲ್ಲಿ ಯಾರೂ ಯಾವ ಸಂಸ್ಕೃತಿಯನ್ನೂ ಅಪ್ಪಿಕೊಳ್ಳುವ ಮಾತಾಡುವುದಿಲ್ಲ. ತಮ್ಮ ಮೈಗೆ ಎಂದೂ ಹಿಡಿಸದ ಅಳತೆಯ ಉಡುಪುಗಳನ್ನು ಹೊಲಿಯುತ್ತ, ಸ್ಪ್ಯಾನಿಷಿನಲ್ಲೂ ಇಂಗ್ಲಿಷಿನಲ್ಲೂ ಜಗಳವಾಡುತ್ತ, ಕೊನೆಗೆ ಸೆಕೆ ತಾಳಲಾರದೆ ಮೇಲುಡುಪುಗಳನ್ನು ಕಳಚಿ ತಮ್ಮ ತಮ್ಮ ಮೈಗಳನ್ನು ನೋಡಿಕೊಂಡು ನಗುತ್ತಾರೆ. ೧೯೮೬ರ ವಲಸೆ ಕಾನೂನಿನ ಕ್ಷಮಾದಾನದಿಂದ ಅವರಲ್ಲಿ ನಾಲ್ವರಿಗೆ ವಾಸದ ಪರವಾನಗಿ ಬಂದಿದೆ. ಕಾರ್ಖಾನೆ ನಡೆಸುವ ಎಸ್ತೇಲಾಗೆ ಮಾತ್ರ ಇನ್ನೂ ಇಲ್ಲ. ಹೊರಗೆ ವಲಸೆ ಪೊಲೀಸರ ವ್ಯಾನು ಬಂತೆಂಬ ಸುದ್ದಿ ಕೇಳಿದೊಡನೆ ಎಲ್ಲರೂ ಯಂತ್ರಗಳ ಹಿಂದೆ ಅಡಗುತ್ತಾರೆ. ಕಿರಿಯಳಾದ ಆನಾ, ನಮಗೆ ಈಗ ಕಾರ್ಡುಗಳಿವೆಯಲ್ಲ ಎಂದು ನೆನಪಿಸಬೇಕಾಗುತ್ತದೆ. ಕಾರ್ಡು ಕೈಚೀಲದಲ್ಲಿ ಭದ್ರವಾಗಿದೆ, ಮೈ ಇನ್ನೂ ಹೊಲಿಗೆಯಂತ್ರದ ಹಿಂದೆಯೇ ಇದೆ.